ನಮ್ಮ ಜಾಲತಾಣದ ಬಾಗಿಲು ತೆರೆದಿದೆಯೆ?



ರಾಜ್ಯೋತ್ಸವದ ವೇದಿಕೆಯಿಂದ ನುಡಿಯ ಹಿರಿಮೆಯನ್ನು ಕೊಂಡಾಡುವುದು ವಾಡಿಕೆ. ಈ ದಿನ ನಾವು ಮನೆವಾರ್ತೆಯ ಮಾತೊಂದನ್ನು ಆಡಬಯಸುತ್ತೇವೆ. ಧಾರವಾಡದಿಂದಲೋ ಕಲಬುರಗಿಯಿಂದಲೋ ಪುಣೆಗೆ ಬಂದಿಳಿದ ಕುಟುಂಬವು ಕನ್ನಡ ಶಾಲೆ ಎಲ್ಲಿದೆಯೆಂದು ನೆರೆಮನೆಯವರನ್ನು ಕೇಳುವ ಮೊದಲೇ ಗೂಗಲನ್ನು ಕೇಳುತ್ತದೆ. ಗೂಗಲಿಗೆ ನಮ್ಮ ಪುಟ ಕಾಣದಿದ್ದರೆ ಆ ಕುಟುಂಬದ ಪಾಲಿಗೆ ನಾವು ಇಲ್ಲವೇ ಇಲ್ಲ. ಮಗು ಬೇರೆ ಶಾಲೆಗೆ ಸೇರುತ್ತದೆ. ಒಂದು ಮನೆಯ ಕನ್ನಡ ಅಲ್ಲಿಗೆ ಸೊರಗುತ್ತದೆ.

ಆದಕಾರಣ ಲೆಕ್ಕಪತ್ರಗಳಂತೆಯೇ ಜಾಲತಾಣವನ್ನೂ ವರ್ಷಕ್ಕೊಮ್ಮೆ ತಪಾಸಣೆ ಮಾಡಬೇಕು. ಏನನ್ನು ನೋಡಬೇಕು?

ಮೊದಲನೆಯದು ಬಾಗಿಲು. ಹುಡುಕುವ ಯಂತ್ರಗಳು ಎಲ್ಲಿ ಕಾಲಿಡಬಾರದೆಂದು ತಿಳಿಸುವ ರೋಬಾಟ್ಸ್ ಎಂಬ ಸಣ್ಣ ಕಡತದ ಪದ್ಧತಿ 1994ರಿಂದ ಇದೆ. ಅದರಲ್ಲಿ ‘ಡಿಸ್‌ಅಲೋ’ ಎಂಬುದರ ಮುಂದೆ ಬರಿಯ ಒಂದು ಓರೆಗೆರೆ ಇದ್ದರೆ ತಾಣವೆಲ್ಲಕ್ಕೂ ಬೀಗ ಬಿದ್ದಂತೆ. ಕಟ್ಟುವ ಕಾಲದಲ್ಲಿ ಹಾಕಿದ ಬೀಗ ಗೃಹಪ್ರವೇಶವಾದ ಮೇಲೂ ಉಳಿಯುವುದುಂಟು. ‘ನೋಇಂಡೆಕ್ಸ್’ ಎಂಬುದು ಬೇರೆ ಆಜ್ಞೆ. ಬಂದು ನೋಡು, ಆದರೆ ಪಟ್ಟಿಯಲ್ಲಿ ಸೇರಿಸಬೇಡವೆಂದು ಅದರ ಅರ್ಥ. ಬಾಗಿಲೇ ಮುಚ್ಚಿದ್ದರೆ ಒಳಗಿನ ಈ ಆಜ್ಞೆ ಯಂತ್ರದ ಕಣ್ಣಿಗೆ ಬೀಳದು. ಆದ್ದರಿಂದ ಎರಡನ್ನೂ ಬೇರೆಬೇರೆಯಾಗಿ ಪರೀಕ್ಷಿಸತಕ್ಕದ್ದು.

ಎರಡನೆಯದು ಅಕ್ಷರ. ಇದು ಕನ್ನಡಿಗರಿಗೆ ವಿಶೇಷವಾದ ತೊಡಕು. 1991ರಲ್ಲಿಯೇ ಯೂನಿಕೋಡಿನಲ್ಲಿ ಕನ್ನಡಕ್ಕೆ ಸ್ಥಾನ ದೊರೆಯಿತು. ಆದರೂ ಹಳೆಯ ಫಾಂಟುಗಳಲ್ಲಿ ಅಚ್ಚಿಗೆ ಸಿದ್ಧಪಡಿಸಿದ ಸಂಚಿಕೆಗಳು ನಮ್ಮಲ್ಲಿ ರಾಶಿಯಾಗಿವೆ. ಅವು ನಮ್ಮ ಕಣ್ಣಿಗೆ ಕನ್ನಡ, ಯಂತ್ರಕ್ಕೆ ಅರ್ಥವಿಲ್ಲದ ರೋಮನ್ ಚಿಹ್ನೆಗಳು. ಪರೀಕ್ಷೆ ಸುಲಭ: ಪುಟದಿಂದ ಒಂದು ಸಾಲನ್ನು ನಕಲು ಮಾಡಿ ಬೇರೆಡೆ ಅಂಟಿಸಿರಿ. ಕನ್ನಡವಾಗಿಯೇ ಬಂದರೆ ಒಳ್ಳೆಯದು. ಇಲ್ಲವಾದರೆ ಯೂನಿಕೋಡಿಗೆ ಪರಿವರ್ತಿಸಬೇಕು. ಆಮಂತ್ರಣವನ್ನು ಬರಿಯ ಚಿತ್ರವಾಗಿ ಏರಿಸಿದರೂ ಸಾಲದು; ಸ್ಥಳ, ದಿನ, ವೇಳೆಗಳನ್ನು ಅಕ್ಷರದಲ್ಲಿ ಬರೆಯಬೇಕು.

ಮೂರನೆಯದು ದಾರಿ. ಪುಟಗಳ ಪಟ್ಟಿಯಾದ ಸೈಟ್‌ಮ್ಯಾಪನ್ನು ಗೂಗಲಿನ ಸರ್ಚ್ ಕನ್ಸೋಲಿಗೆ ಸಲ್ಲಿಸಿದರೆ ಯಾವ ಪುಟ ಸೇರಿದೆ, ಯಾವುದು ಬಿಟ್ಟುಹೋಗಿದೆ, ಏತಕ್ಕೆ ಎಂಬುದು ತಿಳಿಯುತ್ತದೆ. ಅದಕ್ಕೆ ಶುಲ್ಕವಿಲ್ಲ. ವಿಳಾಸ ಬದಲಾದ ಹಳೆಯ ಪುಟಗಳಿಂದ ಹೊಸ ಪುಟಗಳಿಗೆ ಶಾಶ್ವತ ಮರುನಿರ್ದೇಶನ ಕೊಡಬೇಕು. ಇಲ್ಲವಾದರೆ ಬಂದವರಿಗೆ 404 ಎಂಬ ಸಂಖ್ಯೆಯೊಂದೇ ದರ್ಶನ. ಗೂಗಲು 2023ರ ಹೊತ್ತಿಗೆ ಮೊಬೈಲಿನಲ್ಲಿ ಕಾಣುವ ರೂಪವನ್ನೇ ಮುಖ್ಯವಾಗಿ ಓದುವ ಪದ್ಧತಿಯನ್ನು ಪೂರ್ಣಗೊಳಿಸಿತು. ಆದ್ದರಿಂದ ಕಚೇರಿಯ ದೊಡ್ಡ ತೆರೆಯಲ್ಲಿ ಚೆನ್ನಾಗಿದೆಯೆಂದು ತೃಪ್ತರಾಗುವಂತಿಲ್ಲ.

ಕೊನೆಯದು ಹೆಸರು. ಪ್ರತಿಯೊಂದು ಪುಟಕ್ಕೂ ಅದರದೇ ಶೀರ್ಷಿಕೆ ಇರಲಿ. ‘ಮುಖಪುಟ’ ಎಂದು ಯಾರೂ ಹುಡುಕುವುದಿಲ್ಲ. ‘ಪುಣೆಯ ಕನ್ನಡ ಶಾಲೆ’ ಎಂದು ಹುಡುಕುತ್ತಾರೆ. ಕನ್ನಡ ಓದಲು ಬಾರದ ನಮ್ಮ ಮಕ್ಕಳು ಇಂಗ್ಲಿಷಿನಲ್ಲಿ ಹುಡುಕುವರಾದ್ದರಿಂದ ಆ ಭಾಷೆಯಲ್ಲೂ ಒಂದು ಪುಟವಿರಲಿ.

ಇವೆಲ್ಲ ಮಾಡಿದ ಮಾತ್ರಕ್ಕೆ ಮೊದಲ ಸ್ಥಾನ ದೊರೆಯುವುದೆಂಬ ಭರವಸೆಯಿಲ್ಲ, ಪುಟದಲ್ಲಿ ಹುರುಳಿರಬೇಕು. ಆದರೆ ಹುರುಳಿದ್ದೂ ಬಾಗಿಲು ಮುಚ್ಚಿದ್ದರೆ ಫಲವೇನು? ಭಾರತೀಯ ಲಿಪಿಗಳನ್ನು ಗಣಕಕ್ಕೆ ತರಲು ದುಡಿದ ಸಿ-ಡ್ಯಾಕ್ ಸಂಸ್ಥೆ 1988ರಲ್ಲಿ ಹುಟ್ಟಿದ ಊರು ಇದು. ಗಣಕವಿದ್ಯೆ ಬಲ್ಲ ಕನ್ನಡ ತರುಣರಿಗೆ ಇಲ್ಲಿ ಬರವಿಲ್ಲ. ಅವರು ವರ್ಷಕ್ಕೆ ಒಂದು ಭಾನುವಾರವನ್ನು ಈ ಕೆಲಸಕ್ಕೆ ಕೊಡಲಿ, ಹಿರಿಯರು ಜೊತೆಗೆ ಕುಳಿತು ಕಾಗುಣಿತ ತಿದ್ದಲಿ ಎಂದು ವಿನಂತಿಸಿ ನಮ್ಮ ಮಾತನ್ನು ಮುಗಿಸುತ್ತೇವೆ.