ಕುಶಲವೂ ಸತ್ಯವೂ

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂಬ ಗಾದೆ ನಮಗೆಲ್ಲ ಬಾಯಿಪಾಠ. ಆದರೆ ಮಾತು ಬಲ್ಲವನೆಂದರೆ ಯಾರು? ಎದುರಿನವರಿಗೆ ಹಿತವಾದುದನ್ನಷ್ಟೇ ಆಡುವವನೇ? ಕಹಿಯಾದುದನ್ನು ನುಂಗಿ ಸುಮ್ಮನಿರುವವನೇ? ಹಾಗಿದ್ದರೆ ಆ ಬಲ್ಲತನಕ್ಕೂ ಅಂಜುಬುರುಕತನಕ್ಕೂ ವ್ಯತ್ಯಾಸವೇ ಉಳಿಯುವುದಿಲ್ಲ. ಆಡಲೇಬೇಕಾದ ಕಠಿಣ ಮಾತನ್ನು ಜಗಳವಾಗದಂತೆ ಆಡುವುದು ಹೇಗೆ ಎಂಬುದೇ ನಿಜವಾದ ಪ್ರಶ್ನೆ. ಇದಕ್ಕೆ ನನಗೆ ಉತ್ತರ ದೊರೆತದ್ದು, ತೀರ ತಡವಾಗಿ, ನಮ್ಮ ಸೀಮೆಯ ಒಂದು ಬಂಡೆಯಿಂದ.

ನಾನು ಚಳ್ಳಕೆರೆ ಸೀಮೆಯವನು. ಶೇಂಗಾ, ಎಣ್ಣೆ ಗಿರಣಿ, ಕುರಿ, ಕಂಬಳಿ ಇವು ನಮ್ಮ ಬದುಕು. ಮಳೆಯೊಂದು ಮಾತ್ರ ನಂಬಿಕೆಗೆ ದೂರ. ನಾನು ಉಪಾಧ್ಯಾಯನಾಗಿ ಊರು ಬಿಟ್ಟೆ. ತಮ್ಮ ಹೊಲ ನೋಡಿಕೊಂಡ. ಅವ್ವ ತೀರಿಕೊಂಡ ಮೇಲೆ ಆಕೆಯ ಬಂಗಾರದ ಸರ ಅವನ ಮನೆಯಲ್ಲಿಯೇ ಇತ್ತು. ಅದು ಇಬ್ಬರಿಗೂ ಸೇರಿದ್ದು. ಒಂದು ಬರಗಾಲದಲ್ಲಿ ಅವನು ಅದನ್ನು ಅಡವಿಟ್ಟು ಕೊಳವೆಬಾವಿ ಕೊರೆಸಿದನೆಂದೂ, ನೀರು ಬೀಳಲಿಲ್ಲವೆಂದೂ, ಸರ ಹರಾಜಾಯಿತೆಂದೂ ಬೇರೆಯವರ ಬಾಯಿಂದ ಕೇಳಿದೆ. ಮುಂದಿನ ಸಂತೆಯ ದಿನ ನಾಲ್ಕು ಜನರ ಮುಂದೆ, “ಯಾರನ್ನು ಕೇಳಿ ಅಡವಿಟ್ಟೆಯೋ?” ಎಂದುಬಿಟ್ಟೆ. ಅವನು ತಲೆ ತಗ್ಗಿಸಿ ಹೊರಟುಹೋದ. ನನ್ನ ಮಾತಿನಲ್ಲಿ ಸುಳ್ಳಿರಲಿಲ್ಲ. ಆದರೂ ಮೂರು ವರ್ಷ ನಮ್ಮಿಬ್ಬರ ನಡುವೆ ಮಾತಿರಲಿಲ್ಲ.

ಆ ಮೂರನೆಯ ವರ್ಷ ಶಾಲೆಯ ಮಕ್ಕಳನ್ನು ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಗೆ ಕರೆದೊಯ್ದೆ. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ—ಈ ಮೂರು ಕಡೆಗಳಲ್ಲಿ ಅಶೋಕನ ಕಿರಿಯ ಬಂಡೆಶಾಸನಗಳಿವೆ. 1892ರಲ್ಲಿ ಇವನ್ನು ಬೆಳಕಿಗೆ ತಂದವರು ಬಿ. ಎಲ್. ರೈಸ್ ಅವರು. ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ, ಬರೆದವನು ಚಪಡನೆಂಬ ಲಿಪಿಕಾರ. ತಂದೆತಾಯಿಗಳ ಸೇವೆ, ಜೀವದಯೆ, ಸತ್ಯವಚನ, ಬಂಧುಗಳೊಡನೆ ತಕ್ಕ ನಡತೆ ಎಂಬ ಅದರ ಉಪದೇಶವನ್ನು ನಾನು ಎಷ್ಟೋ ಸಲ ಪಾಠ ಮಾಡಿದ್ದೆ. ಆ ದಿನ ಒಬ್ಬ ಹುಡುಗ, “ಮೊದಲಲ್ಲಿ ಏನು ಬರೆದಿದೆ ಸಾರ್?” ಎಂದು ಕೇಳಿದ. ಸುವರ್ಣಗಿರಿಯ ಆರ್ಯಪುತ್ರನೂ ಮಹಾಮಾತ್ರರೂ ಇಸಿಲದ ಮಹಾಮಾತ್ರರಿಗೆ ಕಳುಹಿಸಿದ ಆಜ್ಞೆ ಅದು. ಆದರೆ ಆಜ್ಞೆ ಆಮೇಲೆ. ಮೊದಲು ಇಸಿಲದವರ ಆರೋಗ್ಯವನ್ನು ವಿಚಾರಿಸಲಾಗಿದೆ. ಇದನ್ನು ವಿವರಿಸುತ್ತಿದ್ದಂತೆ ನನ್ನ ನಾಲಿಗೆ ತಡವರಿಸಿತು. ನಾನು ಸತ್ಯವನ್ನು ಆಡಿದ್ದೆ, ಕುಶಲವನ್ನು ಕೇಳಿರಲಿಲ್ಲ.

ಅದು ರಾಜಪತ್ರದ ರೂಢಿಯಷ್ಟೇ ಎನ್ನಬಹುದು. ಇರಲಿ, ಅಧಿಕಾರವುಳ್ಳವನಿಗೂ ಆ ರೂಢಿ ಬೇಕಾಯಿತಲ್ಲ!

ಮರುವಾರ ತಮ್ಮನ ಮನೆಗೆ ಹೋದೆ. ಅವನ ಹೆಂಡತಿ, “ಬರ್ರಿ ಭಾವ” ಎಂದು ನೀರು ಕೊಟ್ಟಳು. ಸರದ ಮಾತೆತ್ತದೆ, “ಆ ಬರದಲ್ಲಿ ಹೇಗೆ ದಿನ ಕಳೆದಿರಪ್ಪಾ?” ಎಂದು ಕೇಳಿದೆ. ಅವನು ಬಹಳ ಹೊತ್ತು ಹೇಳಿದ. ಮಾರಿದ ಎತ್ತುಗಳು, ಒಣಗಿಹೋದ ಶೇಂಗಾ, ಬತ್ತಿದ ಬಾವಿ. ನಾನು ನಡುವೆ ಬಾಯಿ ಹಾಕಲಿಲ್ಲ. ಅವನು ಮುಗಿಸಿದ ಮೇಲೆ, “ಸರ ಹೋದದ್ದಕ್ಕಿಂತ ಅದನ್ನು ಹೊರಗಿನವರಿಂದ ಕೇಳಬೇಕಾಯಿತಲ್ಲ ಎಂಬುದೇ ನನಗೆ ನೋವಾಯಿತು” ಎಂದೆ. ಅವನು, “ಹೇಳಿದ್ದರೆ ನೀನು ಬೇಡ ಅನ್ನುತ್ತಿದ್ದೆಯಲ್ಲಣ್ಣಾ?” ಎಂದ. ಇಲ್ಲವೆನ್ನುವುದು ಸುಲಭವಾಗಿತ್ತು. “ಹೌದು, ಅನ್ನುತ್ತಿದ್ದೆ” ಎಂದೆ. ಸಂತೆಯಲ್ಲಿ ಹಾಗೆ ಆಡಿದ್ದು ತಪ್ಪಾಯಿತೆಂದೂ ಹೇಳಿದೆ. “ನಾನೂ ಮುಚ್ಚಿಡಬಾರದಿತ್ತು” ಎಂದನವನು.

ಇದರಿಂದ ನಾನು ಕಲಿತದ್ದು ಇಷ್ಟು. ಕಠಿಣ ಮಾತಿಗೆ ಸಂತೆ ಸಲ್ಲದು, ಮನೆ ಬೇಕು. ಎದುರಿನವರ ಕಷ್ಟವನ್ನು ಮೊದಲು ಕೇಳಬೇಕು, ಪೂರ್ತಿಯಾಗಿ ಕೇಳಬೇಕು. ‘ನೀನು ಇಂಥವನು’ ಎನ್ನುವ ಬದಲು ‘ನನಗೆ ಹೀಗಾಯಿತು’ ಎನ್ನಬೇಕು. ಒಂದು ವಿಷಯಕ್ಕೆ ಹತ್ತು ಹಳೆಯ ಲೆಕ್ಕಗಳನ್ನು ಸೇರಿಸಬಾರದು. ತನ್ನ ಪಾಲಿನ ತಪ್ಪು ಕಂಡರೆ ಒಪ್ಪಬೇಕು. ಆದರೆ ಸತ್ಯವನ್ನು ಬಿಟ್ಟುಕೊಡಬಾರದು.

ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ 1980ರ ದಶಕದಲ್ಲಿ ಅಶೋಕನ ಇನ್ನಷ್ಟು ಶಾಸನಗಳು ದೊರೆತವು. ಅವುಗಳಲ್ಲೊಂದು 12ನೆಯ ಬಂಡೆಶಾಸನ. ವಿವಿಧ ಮತಪಂಥಗಳನ್ನು ಕುರಿತ ಆ ಶಾಸನದ ತಿರುಳು ವಾಕ್ಸಂಯಮ. ಸಂದರ್ಭವಿಲ್ಲದೆ ಪರಪಂಥವನ್ನು ಹಳಿಯಬಾರದು, ಸಂದರ್ಭವಿದ್ದರೂ ಮಿತಿ ಮೀರಬಾರದು. ಹಳಿಯುವವನು ಕೊನೆಗೆ ತನ್ನ ಪಂಥಕ್ಕೇ ಕೇಡು ಮಾಡಿಕೊಳ್ಳುತ್ತಾನೆ ಎಂಬುದು ಅದರ ಅಭಿಪ್ರಾಯ. ಇಲ್ಲಿ ಹೇಳಿರುವುದು ಸಂಯಮವನ್ನು, ಮೌನವನ್ನಲ್ಲ. ಮೊಳಕಾಲ್ಮೂರಿನ ರೇಷ್ಮೆ ಸೀರೆಯ ನೇಕಾರ ಎಳೆ ಕಡಿದಾಗ ಕಾಣದವನಂತೆ ನೇಯುತ್ತ ಹೋಗುವುದಿಲ್ಲ, ಸಿಟ್ಟಿನಿಂದ ಎಳೆದಾಡುವುದೂ ಇಲ್ಲ. ಮಗ್ಗ ನಿಲ್ಲಿಸಿ ಎಳೆ ಕೂಡಿಸುತ್ತಾನೆ.

ಅವ್ವನ ಸರ ಮರಳಿ ಬರಲಿಲ್ಲ, ಬರುವುದೂ ಇಲ್ಲ. ಆ ನೋವು ಪೂರ್ತಿ ಹೋಗಿದೆಯೆಂದರೆ ಸುಳ್ಳಾದೀತು. ಆದರೆ ಈಗ ಶೇಂಗಾ ಬಿತ್ತುವ ಮುನ್ನ ತಮ್ಮ ನನಗೆ ಹೇಳಿಕಳುಹಿಸುತ್ತಾನೆ. ನಾನು ಬೇಡವೆಂದದ್ದೂ ಉಂಟು, ಅವನು ಬಿತ್ತಿದ್ದೂ ಉಂಟು. ಮಾತು ಮಾತ್ರ ನಿಂತಿಲ್ಲ.