ಹುಳಿ ಉಳಿದರೆ ವೈನಿಗೆ ಆಯುಸ್ಸು



ಹೆಬ್ಬಾಳ ದಾಟಿ ಬಳ್ಳಾರಿ ರಸ್ತೆ ಹಿಡಿದು ಯಲಹಂಕ, ದೇವನಹಳ್ಳಿಗಳತ್ತ ಹೊರಟವರಿಗೆ ಒಂದು ಕಾಲಕ್ಕೆ ದ್ರಾಕ್ಷಿ ಚಪ್ಪರಗಳು ಧಾರಾಳವಾಗಿ ಕಾಣುತ್ತಿದ್ದವು. ಈ ಸೀಮೆಯ ಹಣ್ಣೆಂದರೆ ‘ಬೆಂಗಳೂರು ಬ್ಲೂ’. ಕಡುನೀಲಿ ಬಣ್ಣ, ದಪ್ಪ ಸಿಪ್ಪೆ, ಒಳಗೆ ಬೀಜ, ಮೂಗಿಗೆ ಬಡಿಯುವ ಪರಿಮಳ. ಜ್ಯೂಸಿಗೂ ಸಿಹಿ ವೈನಿಗೂ ಒದಗುವ ಈ ಹಣ್ಣಿಗೆ 2013ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರಕಿತು.

ಇದೇ ಸೀಮೆಗೆ ಫ್ರಾನ್ಸಿನ ಬಳ್ಳಿಗಳು ಬಂದದ್ದು ಆಮೇಲಿನ ಕತೆ. ಉದ್ಯಮಿ ಕನ್ವಲ್ ಗ್ರೋವರ್ ಅವರು ಶಾಂಪೇನ್ ಪ್ರಾಂತದ ತಜ್ಞ ಜಾರ್ಜ್ ವೆಸೆಲ್ ಅವರ ಸಲಹೆ ಪಡೆದು, 1988ರಲ್ಲಿ ನಂದಿ ಬೆಟ್ಟದ ತಪ್ಪಲಲ್ಲಿ, ದೊಡ್ಡಬಳ್ಳಾಪುರದ ಬಳಿ, ತೋಟ ಎಬ್ಬಿಸಿದರು. 1992ರಲ್ಲಿ ಮೊದಲ ವೈನು ಹೊರಬಂತು. ಕ್ಲೇರೆಟ್, ವಿಯೋನ್ಯೇ ಮುಂತಾದ ಬಿಳಿ ವೈನಿನ ತಳಿಗಳು ಹೀಗೆ ಕನ್ನಡದ ಮಣ್ಣಿನಲ್ಲಿ ಬೇರುಬಿಟ್ಟವು. ಇತ್ತ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ‘ಅರ್ಕಾ ಸೋಮ’, ‘ಅರ್ಕಾ ಕಾಂಚನ್’ಗಳಂಥ ಮಿಶ್ರ ತಳಿಗಳನ್ನು ರೂಪಿಸಿದರು.

ವೈನು ಹಳೆಯದಾದಷ್ಟೂ ಒಳ್ಳೆಯದೆಂಬ ಮಾತುಂಟು. ಎಲ್ಲ ವೈನಿಗೂ ಇದು ಸಲ್ಲದು. ಕೆಂಪು ವೈನಿಗೆ ಸಿಪ್ಪೆ, ಬೀಜಗಳಿಂದ ಇಳಿದ ಒಗರೇ ಕಾವಲು. ಬಿಳಿ ವೈನಿಗಾದರೋ ಹಣ್ಣನ್ನು ಹಿಂಡಿ, ಸಿಪ್ಪೆ ಬೇರ್ಪಡಿಸಿ, ಬರಿಯ ರಸವನ್ನು ಹುದುಗಿಸುತ್ತಾರೆ. ಅದಕ್ಕೆ ಆ ಕಾವಲಿಲ್ಲ. ಅದನ್ನು ಕಾಯುವುದು ಮುಖ್ಯವಾಗಿ ಹುಳಿ. ಮಾಗಿದ ಮಾವು ನಾಲ್ಕು ದಿನಕ್ಕೆ ಕೊಳೆಯುತ್ತದೆ. ಉಪ್ಪಿನಲ್ಲಿ ನೆನೆದ ಹುಳಿ ಮಿಡಿ ವರ್ಷಗಟ್ಟಲೆ ಉಳಿಯುತ್ತದೆ. ತತ್ವ ಹೆಚ್ಚೂ ಕಡಿಮೆ ಅದೇ.

ಫ್ರಾನ್ಸಿನ ಲುವಾರ್ ನದಿಯ ಕಣಿವೆಯಲ್ಲಿ ಬೆಳೆಯುವ ಶೆನಿನ್ ಬ್ಲಾಂಕ್ ಇದಕ್ಕೆ ಒಳ್ಳೆಯ ನಿದರ್ಶನ. ತಂಪು ಹವೆಯಲ್ಲಿ ನಿಧಾನವಾಗಿ ಮಾಗುವ ಈ ಹಣ್ಣು ಹುಳಿಯನ್ನು ಬಿಟ್ಟುಕೊಡದು. ವೂವ್ರೇ ಎಂಬ ಊರಿನ ಉತ್ತಮ ಶೆನಿನ್ ವೈನು ದಶಕಗಳ ಕಾಲ ಬಾಳುತ್ತದೆ. ಎಳೆಯದರಲ್ಲಿ ನಸುಹಸಿರು ಬಣ್ಣ, ನಿಂಬೆ ಮತ್ತು ಹಸಿರು ಸೇಬಿನ ವಾಸನೆ. ವರ್ಷ ಕಳೆದಂತೆ ಬಣ್ಣ ಹೊನ್ನಿಗೆ ತಿರುಗುತ್ತದೆ. ಜೇನು, ಜೇನುಮೇಣ, ಬಾದಾಮಿಯ ಪರಿಮಳ ಮೂಡುತ್ತದೆ. ಹುಳಿ ಮಾತ್ರ ಒಳಗೇ ನಿಂತು ಬಾಯಿಗೆ ಚುರುಕು ಕೊಡುತ್ತದೆ. ಬಣ್ಣ ಕಂದಿ, ಕತ್ತರಿಸಿಟ್ಟ ಸೇಬಿನ ವಾಸನೆ ಬಂದರೆ ಅದು ಮುಪ್ಪಲ್ಲ. ಗಾಳಿ ಹೊಕ್ಕು ಕೆಟ್ಟದ್ದು.

ನಂದಿಯ ಬಳ್ಳಿಯ ಪಾಡು ಬೇರೆ. ಲುವಾರ್‌ನಲ್ಲಿ ಬಳ್ಳಿ ಚಳಿಗಾಲವಿಡೀ ಮಲಗುತ್ತದೆ. ಇಲ್ಲಿ ಅದಕ್ಕೆ ನಿದ್ದೆಯಿಲ್ಲ. ವರ್ಷಕ್ಕೆರಡು ಸಲ ಚಾಟನಿ ಮಾಡಿ ಬೆಳೆಯನ್ನು ಹದಕ್ಕೆ ತರಬೇಕು. ಹಣ್ಣು ಮಾಗುವುದು ಬೇಸಗೆ ಏರುವ ಹೊತ್ತಿನಲ್ಲಿ. ಸುಮಾರು 900 ಮೀಟರ್ ಎತ್ತರದ ತಂಪು ರಾತ್ರಿಗಳೇ ಹುಳಿಯನ್ನು ಅಷ್ಟಿಷ್ಟು ಉಳಿಸಿಕೊಡುತ್ತವೆ. ಹೀಗಾಗಿ ಇಲ್ಲಿನ ಬಹುಪಾಲು ಬಿಳಿ ವೈನುಗಳನ್ನು ಎಳೆಯದಿರುವಾಗಲೇ ಸವಿಯುವುದು ಜಾಣತನ. ಇದು ಕೀಳೆಂದು ಭಾವಿಸಬೇಕಿಲ್ಲ; ಎಳನೀರನ್ನು ಯಾರೂ ಕೂಡಿಡುವುದಿಲ್ಲ.

ಕೂಡಿಡುವವರಿಗೆ ಒಂದು ಎಚ್ಚರಿಕೆ. ಬಾಟಲಿಗೆ 12ರಿಂದ 14 ಡಿಗ್ರಿಯ ಸ್ಥಿರವಾದ ತಂಪು, ಕತ್ತಲೆ ಬೇಕು. ಬಿರಡೆ ಒಣಗದಂತೆ ಅಡ್ಡ ಮಲಗಿಸಬೇಕು. ಅಡುಗೆಮನೆಯ ಅಟ್ಟದ ಮೇಲಿಟ್ಟರೆ ಎಂಥ ಫ್ರೆಂಚ್ ವೈನೂ ಒಂದು ಏಪ್ರಿಲ್ ದಾಟುವುದು ಕಷ್ಟ.

ಕೊನೆಗೆ ನೆಲದ ಮಾತು. ನೆಟ್ಟ ಬಳ್ಳಿ ಸರಿಯಾಗಿ ಫಲ ಕೊಡಲು ಮೂರು ವರ್ಷ ಬೇಕು. ಆರೈಕೆಯಿದ್ದರೆ ದಶಕಗಳ ಕಾಲ ಬಾಳುತ್ತದೆ. 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆದ ಮೇಲೆ ಆ ಸುತ್ತಿನ ಭೂಮಿಗೆ ಬಂದ ಬೆಲೆಯನ್ನು ಯಾವ ಹಣ್ಣೂ ಗಳಿಸಿಕೊಡದು. ಚಪ್ಪರ ಕಿತ್ತು ಸೈಟು ಮಾಡಿದ ರೈತನನ್ನು ದೂರುವುದು ಸುಲಭ. ಅವನ ಲೆಕ್ಕದಲ್ಲಿ ತಪ್ಪು ಹುಡುಕುವುದು ಕಷ್ಟ. ಆದರೆ ವೈನಿಗೆ ಕಾಯುವ ತಾಳ್ಮೆ ಮೊದಲು ಬೇಕಾಗುವುದು ಬಾಟಲಿಗಲ್ಲ, ನೆಲಕ್ಕೆ. ಕಿತ್ತ ಬಳ್ಳಿಯ ಜಾಗದಲ್ಲಿ ಒಮ್ಮೆ ಮನೆ ಎದ್ದಿತೆಂದರೆ, ಎಷ್ಟು ವರ್ಷ ಕಾದರೂ ಅಲ್ಲಿ ಮಾಗುವುದೇನೂ ಇಲ್ಲ.