ಕೊಂಬಿಗೆ ಬಣ್ಣ ಆಯಿತು, ಗೊರಸಿನ ಗತಿಯೇನು?



ಸಂಕ್ರಾಂತಿ ಬಂತೆಂದರೆ ದನಗಳ ಮೈ ತೊಳೆಯುತ್ತೇವೆ, ಕೊಂಬಿಗೆ ಬಣ್ಣ ಬಳಿಯುತ್ತೇವೆ, ಸಂಜೆಗೆ ಕಿಚ್ಚು ಹಾಯಿಸುತ್ತೇವೆ. ಆದರೆ ಹಸುವಿನ ಕಾಲೆತ್ತಿ ಗೊರಸು ನೋಡುವವರು ಎಷ್ಟು ಮಂದಿ? ಚುಂಚನಕಟ್ಟೆ ಜಾತ್ರೆಗೆ ಹೊರಡುವ ಹಳ್ಳಿಕಾರ್ ಎತ್ತಿಗಾದರೆ ಲಾಳ ಕಟ್ಟಿಸುತ್ತೀರಿ. ಲಾಳ ಕಟ್ಟುವವರು ಆಗಲೇ ಗೊರಸನ್ನೂ ಕೆತ್ತಿ ಸಮ ಮಾಡುತ್ತಾರೆ. ಹಾಲು ಕೊಡುವ ಸೀಮೆ ಹಸುವಿಗೆ ಆ ಭಾಗ್ಯವಿಲ್ಲ.

ಗೊರಸೆಂದರೆ ದನದ ಉಗುರು. ತಿಂಗಳಿಗೆ ಸುಮಾರು ಅರ್ಧ ಸೆಂಟಿಮೀಟರು ಬೆಳೆಯುತ್ತದೆ. ಹೆಗ್ಗಡದೇವನಕೋಟೆ ಕಡೆ ಕಲ್ಲುನೆಲದಲ್ಲಿ ಮೇಯುವ ನಾಟಿ ದನಕ್ಕೆ ನಡೆದಷ್ಟೂ ಅದು ಸವೆಯುತ್ತದೆ. ಕಟ್ಟಿದ ಕಡೆಯೇ ನಿಂತ ಹಸುವಿಗೆ ಸವೆಯುವುದೆಲ್ಲಿ ಬಂತು? ಗೊರಸು ಮುಂದಕ್ಕೆ ಚಾಚಿಕೊಳ್ಳುತ್ತದೆ, ಮೈಭಾರ ಹಿಮ್ಮಡಿಗೆ ಬೀಳುತ್ತದೆ, ಹಸು ಕುಂಟುತ್ತದೆ. ಕುಂಟುವ ಹಸು ಮೇವಿಗೆ ಸರಿಯಾಗಿ ನಿಲ್ಲದು, ಹಾಲು ಇಳಿಯುತ್ತದೆ, ಬೆದೆಗೆ ಬಂದದ್ದೂ ತಿಳಿಯದು. ‘ವಯಸ್ಸಾಯ್ತು’ ಅಂತ ಬಂದಷ್ಟಕ್ಕೆ ಮಾರಿಬಿಡುತ್ತೇವೆ. ಮಾರಿದ್ದು ಮುದಿ ಹಸುವನ್ನಲ್ಲ, ಉಗುರು ಬೆಳೆದ ಹಸುವನ್ನು!

ಹಾಗಾದರೆ ಮಾಡತಕ್ಕದ್ದೇನು? ಮೊದಲನೆಯದು ಮೈ ತಿಕ್ಕುವುದು. ದಿನಕ್ಕೊಮ್ಮೆ ತೆಂಗಿನ ನಾರಿನಿಂದ ಕೂದಲು ಮಲಗಿದ ದಿಕ್ಕಿಗೆ ತಿಕ್ಕಿರಿ. ಕಿವಿಯ ಹಿಂದೆ, ಕಾಲುಸಂದಿಯಲ್ಲಿ, ಕೆಚ್ಚಲ ಬುಡದಲ್ಲಿ ಉಣ್ಣೆ ಇದೆಯೇ ನೋಡಿ. ಸೀಮೆ ಹಸುವಿನ ಪ್ರಾಣಕ್ಕೇ ಮುಳುವಾಗುವ ಥೈಲೇರಿಯಾ ಜ್ವರ ಉಣ್ಣೆಯಿಂದಲೇ ಹರಡುತ್ತದೆ. ತಿಕ್ಕುತ್ತ ತಿಕ್ಕುತ್ತ ಕೈಯನ್ನು ಕಾಲಿನವರೆಗೂ ಇಳಿಸಿ. ಕರುವಿನಿಂದಲೇ ಹೀಗೆ ರೂಢಿ ಮಾಡಿದರೆ ಮುಂದೆ ಕಾಲೆತ್ತಲು ಒದೆಯದು.

ಎರಡನೆಯದು ಗೊರಸು. ವರ್ಷಕ್ಕೆ ಎರಡು ಸಾರಿ ಕೆತ್ತಿಸಿ. ಹಿಂಗಾಲಿನ ಹೊರಗೊರಸೇ ಹೆಚ್ಚಾಗಿ ಬೆಳೆಯುವುದು, ಅದನ್ನು ಮೊದಲು ನೋಡಿ. ಒಣಗಿದ ಗೊರಸು ಕಲ್ಲಿನಂತಿರುತ್ತದೆ. ನೀರಲ್ಲಿ ನೆನೆದ ಮೇಲೆ ಕೆತ್ತಲು ಸುಲಭ. ತೆಳ್ಳಗೆ ತೆಗೆಯುತ್ತ ಹೋಗಬೇಕು. ಎಳೆಗೆಂಪು ಬಣ್ಣ ಕಂಡರೆ ಅಲ್ಲಿಗೇ ನಿಲ್ಲಿಸಿ, ಒಳಗೆ ಜೀವವಿದೆ. ಕುಡುಗೋಲು, ಮಚ್ಚು ಬೇಡವೇ ಬೇಡ. ಕೈ ಪಳಗದವರು ಪಶುವೈದ್ಯರನ್ನೇ ಕರೆಯಿರಿ. ತುಂಬುಗಬ್ಬದ ಹಸುವನ್ನು ಹಗ್ಗ ಹಾಕಿ ಕೆಡವಬೇಡಿ.

ಮೂರನೆಯದು ಒಣನೆಲ. ಕೃಷ್ಣರಾಜನಗರದ ನಾಲೆ ಬಯಲಿನಲ್ಲಿ, ಮುಂಗಾರಿನಲ್ಲಿ ಹುಣಸೂರು, ಪಿರಿಯಾಪಟ್ಟಣದ ಕೆಸರಿನಲ್ಲಿ, ಗೊರಸಿನ ಸಂದು ಕೊಳೆಯುವುದುಂಟು. ಸಗಣಿ, ಗಂಜಲ ನಿಲ್ಲದಂತೆ ನೋಡಿಕೊಳ್ಳಿ. ಶುಂಠಿಗೆ ಬೋರ್ಡೋ ದ್ರಾವಣ ಮಾಡಲು ತರುವ ಮೈಲುತುತ್ತವನ್ನೇ 10 ಲೀಟರು ನೀರಿಗೆ 500 ಗ್ರಾಂ ಕರಗಿಸಿ, ಕಾಲು ತೊಳೆದ ಮೇಲೆ ಗೊರಸು ಮುಳುಗುವಂತೆ ಅದರಲ್ಲಿ ಕೆಲ ನಿಮಿಷ ನಿಲ್ಲಿಸಿ. ಕಬ್ಬಿಣದ ಪಾತ್ರೆ ಬೇಡ. ಅದು ವಿಷ, ದನ ಕುಡಿಯಬಾರದು, ಕೆರೆಗೂ ಚೆಲ್ಲಬಾರದು.

ಕುಂಟಿನ ಜೊತೆಗೆ ಜೊಲ್ಲು, ಬಾಯಿಹುಣ್ಣು ಕಂಡರೆ ಅದು ಕಾಲುಬಾಯಿ ಜ್ವರವಿರಬಹುದು. ಹಸುವನ್ನು ಬೇರೆ ಕಟ್ಟಿ, ತಡಮಾಡದೆ ಪಶು ಆಸ್ಪತ್ರೆಗೆ ತಿಳಿಸಿ. 1962 ಸಂಖ್ಯೆಗೂ ಫೋನು ಮಾಡಬಹುದು.

ನಾಳೆ ಹಾಲು ಕರೆದು ಎದ್ದ ಮೇಲೆ ಒಂದು ನಿಮಿಷ ನಿಂತು ಹಸುವಿನ ನಾಲ್ಕು ಕಾಲನ್ನೂ ನೋಡಿ. ಹಾಲಿನ ಲೆಕ್ಕ ಶುರುವಾಗುವುದು ಕೆಚ್ಚಲಲ್ಲಲ್ಲ, ಗೊರಸಿನಲ್ಲಿ.